ಸರ್ ಖಾಲಿ ಬಿಡಿಸಿದ್ದ ಜಾಗ

ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಆ ಹೊತ್ತು ಮರೆಯುವುದಿಲ್ಲ. ಸರ್ ಗೋಡೆಯ ಮೇಲೆ ಮೊಬೈಲಿನ ಪರದೆಯನ್ನು ದೊಡ್ಡದಾಗಿ ಮೂಡಿಸಿ, ಗಡಿಯಾರವಿರುವ ಮೇಲಿನ ಪಟ್ಟಿಯ ಮೇಲೆ ಬೆರಳಿಟ್ಟು ನಿಂತಿದ್ದರು. ಅದಾಗಿ ವರ್ಷಗಳೇ ಕಳೆದಿವೆ. ಈಚೆಗೆ ನನ್ನ ಆಫೀಸಿನಲ್ಲಿ ಯಾರದೋ ಚಾರ್ಜರ್ ಕರಗಿ ಸುಟ್ಟ ವೈರಿನ ವಾಸನೆ ಹಬ್ಬಿತು. ನಾನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ...

ಸರ್ ಪಾಠ ಮಾಡುತ್ತಿದ್ದುದು ನಾರಾಯಣಗೂಡದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ. ಇಂಜಿನಿಯರಿಂಗ್ ಮುಗಿಸಿಯೂ ಕೆಲಸ ಸಿಗದ ನಮ್ಮಂಥವರಿಗೆ ಮೊಬೈಲ್ ಆ್ಯಪ್ ಮಾಡುವುದನ್ನು ಕಲಿಸುವ ಕೋಚಿಂಗ್ ಸೆಂಟರ್. ಸರ್ ಬೀದರ್ ಕಡೆಯವರು. ಪಾಠವೆಲ್ಲ ತೆಲುಗು, ಹಿಂದಿಯಲ್ಲಿ. ಕುಷಾಯಿಗೂಡದ ನಮ್ಮ ಮನೆಯಲ್ಲಿ ಕನ್ನಡ ಆಡುತ್ತೇವೆಂದು ತಿಳಿದ ಮೇಲೆ ನನಗೆ ಬೈಗುಳ ಮಾತ್ರ ಕನ್ನಡದಲ್ಲಿ ಸಿಗುತ್ತಿತ್ತು.

ಪರದೆ ಪೂರ್ತಿ ಆ್ಯಪ್‌ನದಲ್ಲ ಎಂಬುದು ಅವರ ಮೊದಲ ಪಾಠ. ಸ್ಟೇಟಸ್ ಬಾರ್ ಎನ್ನುವ ಮೇಲಿನ ಪಟ್ಟಿ, ಕ್ಯಾಮೆರಾದ ತೂತು, ಕೆಳಗೆ ಬೆರಳಿನಿಂದ ಸರಿಸುವ ಗೆರೆ, ಇವೆಲ್ಲ ಸಿಸ್ಟಮ್ ತನಗಾಗಿ ಇಟ್ಟುಕೊಂಡದ್ದು. ಕೀಬೋರ್ಡ್ ಎದ್ದರೆ ಅರ್ಧ ಪರದೆ ಹೋಗುತ್ತದೆ. ಫೋನ್ ಅಡ್ಡ ಹಿಡಿದರೆ ಅಳತೆಯೇ ಬೇರೆ. ಎಷ್ಟು ಜಾಗ ಉಳಿದಿದೆಯೆಂದು ಸಿಸ್ಟಮ್ ಪ್ರತಿ ಸಲವೂ ಹೇಳುತ್ತದೆ, ಆ್ಯಪ್ ಅದನ್ನು ಕೇಳಿ ಸರಿದುಕೊಳ್ಳಬೇಕು. ನಾನೋ ನನ್ನ ಫೋನಿಗೆ ಹೊಂದುವ ಒಂದು ಅಳತೆ ಬರೆದು ಸುಮ್ಮನಾಗಿದ್ದೆ. ಸರ್ ಫೋನಿನಲ್ಲಿ ನನ್ನ ಆ್ಯಪ್‌ನ ಬಟನ್ ಕೀಬೋರ್ಡಿನ ಕೆಳಗೆ ಸೇರಿಕೊಂಡಿತು.

“ಜಗತ್ತಿನ್ಯಾಗ ನಿಂದೊಂದ ಫೋನ್ ಐತೇನವಾ?” ಎಂದರು. “ಬಟನ್ ಭಾಳ ಚಂದ ಮಾಡೀದಿ. ಒತ್ತಾಕ ಮಾತ್ರ ಬರಂಗಿಲ್ಲ.”

ತರಗತಿಯಲ್ಲೂ ಅವರು ಒಂದು ಪಟ್ಟಿ ಜಾಗ ಖಾಲಿ ಬಿಡಿಸಿದ್ದರು. ಹಿಂದಿನ ಗೋಡೆಯಲ್ಲಿ ಇನ್ನೊಂದು ಬಾಗಿಲು, ಅದರಾಚೆ ಕಬ್ಬಿಣದ ಮೆಟ್ಟಿಲು. ಆ ಬಾಗಿಲಿಗೆ ಹೋಗುವ ದಾರಿಯಲ್ಲಿ ಇನ್ನಷ್ಟು ಬೆಂಚು ಹಾಕಿಸಬೇಕೆಂದು ಸೆಂಟರ್ ಮಾಲೀಕರು ಹಟ ಹಿಡಿದಿದ್ದರು. ಸರ್ ಒಪ್ಪಲಿಲ್ಲ. ನಾವು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಗೊಣಗುತ್ತಿದ್ದೆವು. ವಾರಂಗಲ್ಲಿನ ಹುಡುಗನೊಬ್ಬ ಒಮ್ಮೆ ಆ ಖಾಲಿ ಪಟ್ಟಿ ತೋರಿಸಿ, “ಸಾರ್, ಅದಿ ಮೀ ಸ್ಟೇಟಸ್ ಬಾರಾ?” ಎಂದು ಕೆಣಕಿದ. “ಹೌ ಬೇಟಾ, ಉಧರ್ ಬ್ಯಾಗ್ ನಕ್ಕೊ ರಖೋ,” ಎಂದು ಸರ್ ಅವನ ಬ್ಯಾಗನ್ನು ಅಲ್ಲಿಂದೆತ್ತಿ ಅವನ ತೊಡೆಯ ಮೇಲಿಟ್ಟರು.

ಆ ಸಂಜೆ ಮುಂದಿನ ಪ್ಯಾಸೇಜಿನ ಕರೆಂಟ್ ಬೋರ್ಡ್ ಚಟಚಟ ಎಂದಿತು. ಗೋಡೆಯ ಮೇಲಿನ ಪರದೆ ಆರಿತು. ಮುಂಬಾಗಿಲ ಸಂದಿಯಿಂದ ಕಪ್ಪು ಹೊಗೆ ನುಗ್ಗತೊಡಗಿತು. ಆ ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ, ಅದು ಮತ್ತೆ ಮತ್ತೆ ಒಳಕ್ಕೆ ತೆರೆದುಕೊಳ್ಳುತ್ತಿತ್ತು. ಸರ್ ಅದಕ್ಕೆ ಬೆನ್ನು ಕೊಟ್ಟು ಒತ್ತಿ ನಿಂತರು.

“ಓಡಬ್ಯಾಡ್ರಿ. ಹಿಂದಿನ ಬಾಗಿಲಿಂದ ಒಬ್ಬೊಬ್ಬರ ಹೋಗ್ರಿ.”

ಎಲ್ಲರಿಗೂ ಕನ್ನಡದಲ್ಲೇ ಹೇಳಿದರು. ಎಲ್ಲರಿಗೂ ಅರ್ಥವಾಯಿತು.

ನಾನು ಮುಂದಿನ ಬೆಂಚಿನವಳು, ಹಾಗಾಗಿ ಸಾಲಿನಲ್ಲಿ ಕೊನೆಯವಳಾದೆ. “ಸರ್, ನೀವು?” ಎಂದೆ.

“ನೀ ನಡಿ. ನೀ ಹೊರಗ ಹೋದ ಮ್ಯಾಲೆ ಬಾಗಿಲಾ ಬಿಡ್ತೀನಿ.”

ಹೊರಗೆ ಬಂದವಳು ‘ಬಂದೆ ಸರ್’ ಎಂದು ಕೂಗಬೇಕೆಂದುಕೊಂಡೆ. ಕೆಮ್ಮಿನಲ್ಲಿ ದನಿಯೇ ಹೊರಡಲಿಲ್ಲ. ತಿರುಗಿ ನೋಡಿದರೆ ಒಳಗೆ ಬರೀ ಹೊಗೆ. ಹಿಂದಿನಿಂದ ಯಾರೂ ಬರಲಿಲ್ಲ... ಅಗ್ನಿಶಾಮಕದವರು ಅವರನ್ನು ಎತ್ತಿಕೊಂಡು ಇಳಿದಾಗ ಅವರಿಗೆ ಪ್ರಜ್ಞೆ ಇರಲಿಲ್ಲ. ಆಸ್ಪತ್ರೆಯಲ್ಲಿ ನಮ್ಮನ್ನು ಒಳಗೆ ಬಿಡಲಿಲ್ಲ. ಕೆಲವು ದಿನಗಳಲ್ಲಿ ತೀರಿಕೊಂಡರು. ಮನೆಯವರು ಬೀದರಿಗೆ ಹೋದರು.

ಅಂದಿನಿಂದ ನನ್ನನ್ನು ರಾತ್ರಿ ಎಬ್ಬಿಸುತ್ತಿದ್ದುದು ಬೆಂಕಿಯಲ್ಲ. ನಾನಿನ್ನೂ ಒಳಗಿದ್ದೇನೆಂದುಕೊಂಡೇ ಅವರು ಬಾಗಿಲು ಬಿಡದೆ ನಿಂತರೇ? ಒಂದು ಕೂಗು ಕೂಗಿದ್ದರೆ ಬದುಕುತ್ತಿದ್ದರೇ? ಮೆಟ್ಟಿಲು, ಹೊಗೆ, ನನ್ನ ಬಾಯಿ. ಎಷ್ಟು ವರ್ಷ ಅದೇ...

ಮಗಳ ಕಾಲೇಜಿಗೆಂದು ಸರ್ ಅವರ ಹೆಂಡತಿ ಮತ್ತೆ ನಾರಾಯಣಗೂಡಕ್ಕೆ ಬಂದು ಮನೆ ಮಾಡಿದ್ದಾರೆಂದು ಹಳೆಯ ಸಹಪಾಠಿಯೊಬ್ಬ ತಿಳಿಸಿದ. ಕಳೆದ ಶನಿವಾರ ಹೋದೆ. ಚಹಾ ಕೊಟ್ಟರು. ಲೋಟ ಹಿಡಿದುಕೊಂಡೇ ಕೇಳಿಬಿಟ್ಟೆ.

“ಅಕ್ಕಾರ, ನಾ ಹೊರಗ ಹೋಗಿದ್ದು ಸರ್‌ಗೆ ಗೊತ್ತಾಗಿತ್ತೇನ್ರಿ?”

ಅವರು ನನ್ನ ಮುಖವನ್ನೇ ನೋಡಿದರು. “ಕಡೀಕಿ ಹೋದಾಕಿ ನೀನೇನು?”

ತಲೆಯಾಡಿಸಿದೆ.

“ದವಾಖಾನ್ಯಾಗ ಒಂದಿನ ಮುಂಜಾನಿ ಎಚ್ಚರಾಗಿದ್ರು. ಕಬ್ಬಿಣದ ಮೆಟ್ಟಲ ಮ್ಯಾಲೆ ಕಡೀ ಹುಡುಗಿ ಚಪ್ಪಲ್ ಸಪ್ಪಳಾ ಕೇಳಿಸ್ತು, ಆಗ ಬಾಗಿಲಾ ಬಿಟ್ಟೆ ಅಂದ್ರು. ಹಿಂದಿನ ಬಾಗಿಲತನಕ ಬರಾಕ ಉಸಿರ ಸಾಲಲಿಲ್ಲಂತ.” ಮತ್ತೆ ಹೇಳಿದರು: “ಆ ಹುಡುಗಿ ಭಾಳ ಸಪ್ಪಳಾ ಮಾಡಕೋತ ನಡೀತಾಳ ಅಂತ ನಕ್ಕಿದ್ರು.”

ಆ ರಾತ್ರಿ ನನಗೆ ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಹಾಸಿಗೆಯಲ್ಲೇ ಕುಳಿತು ಬಹಳ ಹೊತ್ತು ಅತ್ತೆ. ಇಷ್ಟು ವರ್ಷ ಅತ್ತದ್ದೆಲ್ಲ ನನ್ನ ಭಯಕ್ಕಾಗಿ. ಭಾನುವಾರ ಬೆಳಗ್ಗೆ ಅತ್ತದ್ದು ಸರ್‌ಗಾಗಿ.