ಅಮ್ಮನ ಮೇಲೆ ಮಗುಚಿದ ಕಪಾಟು

ಆ ಭಾನುವಾರ ಬೆಳಿಗ್ಗೆ ಮುಂಬೈಯ ದಹಿಸರ್‌ನ ನಮ್ಮ ಬಾಡಿಗೆ ಮನೆಯಲ್ಲಿ ನಾನು ನೀರ್‌ದೋಸೆ ಹೊಯ್ಯುತ್ತಿದ್ದೆ. ಒಳಗಿನ ಕೋಣೆಯಿಂದ ಏನೋ ಕಿರುಗುಟ್ಟಿದ ಸದ್ದು ಬಂತು, ಹಿಂದೆಯೇ ದೊಡ್ಡದೊಂದು ಬಿದ್ದ ಸದ್ದು. ಆಮೇಲೆ ಏನೂ ಕೇಳಿಸಲಿಲ್ಲ.

ಓಡಿ ಹೋಗಿ ನೋಡಿದರೆ ಡ್ರಾಯರ್‌ಗಳ ಎತ್ತರದ ಕಪಾಟು ಮುಂದಕ್ಕೆ ಮಗುಚಿ, ಮಂಚದ ಅಂಚಿಗೆ ಸಿಕ್ಕಿ ಓರೆಯಾಗಿ ನಿಂತಿತ್ತು. ಅದರ ಮೇಲಿದ್ದ ಟಿವಿ ಹಾಸಿಗೆಯ ಮೇಲೆ ಬೋರಲು ಬಿದ್ದಿತ್ತು. ಕಪಾಟಿನ ಅಡಿಯ ಸಂದಿಯಲ್ಲಿ ಅಮ್ಮನ ಸೀರೆಯ ಅಂಚು ಮತ್ತು ಒಂದು ಪಾದ ಮಾತ್ರ ಕಾಣುತ್ತಿತ್ತು.

ಪೀಠೋಪಕರಣಗಳ ವಿನ್ಯಾಸ ಮಾಡುವುದೇ ನನ್ನ ಕೆಲಸ. ಗೋರೆಗಾಂವ್‌ನ ಸಣ್ಣ ಕಂಪನಿಯೊಂದರಲ್ಲಿ ದಿನವಿಡೀ ಕುರ್ಚಿ, ಮೇಜು, ಕಪಾಟುಗಳ ನಕ್ಷೆ ಬರೆಯುತ್ತೇನೆ. ಆದರೆ ಆಗ ಕಪಾಟನ್ನು ಎಲ್ಲಿ ಹಿಡಿದು ಎತ್ತಬೇಕೆಂದೇ ಹೊಳೆಯಲಿಲ್ಲ. ಸಟ್ಟುಗ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ.

ಅಡಿಯಿಂದ ಅಮ್ಮನ ದನಿ ಬಂತು. "ಎಂತ ನೋಡ್ತಾ ನಿಂತದ್ದು? ಎದುರಿನವರನ್ನು ಕರಿ ಮಾರಾಯ್ತಿ."

ಎದುರು ಫ್ಲಾಟಿನಲ್ಲಿ ವಿಜಯಪುರದ ಕಡೆಯವರೊಬ್ಬರಿದ್ದರು, ವೈರಿಂಗ್ ಕೆಲಸದವರು. ಬನಿಯನ್ನಿನಲ್ಲೇ ಓಡಿಬಂದರು. "ನಾ ಎತ್ತಿ ಹಿಡಿತೀನ್ರೀ ಅಕ್ಕಾ, ನೀವು ಅಮ್ಮಾರನ್ನ ಹೊರಗ ಎಳಕೋರಿ" ಎಂದರು. ಅಮ್ಮನ ಕಂಕುಳಿಗೆ ಕೈ ಕೊಟ್ಟು ಎಳೆದೆ. ಎಡಗೈ ಮಣಿಕಟ್ಟು ಸೊಟ್ಟಗಾಗಿತ್ತು. ಬೇರೆಲ್ಲೂ ಒಂದು ಗೀರೂ ಇರಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅಮ್ಮ ನಡೆದದ್ದನ್ನು ಹೇಳಿದರು. ಮದುವೆಯೊಂದಕ್ಕೆ ಉಡಲು ಸೀರೆ ಹುಡುಕುತ್ತಾ ನೆಲದ ಮೇಲೆ ಕೂತು ಎಲ್ಲ ಡ್ರಾಯರ್‌ಗಳನ್ನೂ ಎಳೆದಿದ್ದರಂತೆ. ಮಂಡಿನೋವಿನವರು, ಏಳಲು ಮೇಲಿನ ಡ್ರಾಯರ್ ಹಿಡಿದರಂತೆ. "ದಿನಾ ಹಾಗೆಯೇ ಏಳುದಲ್ವಾ ನಾನು? ಇವತ್ತು ಅದೇ ನನ್ನೊಟ್ಟಿಗೆ ಬಂತು."

ದಿನಾ. ನಾನು ಲೋಕಲ್ ರೈಲು ಹಿಡಿದು ಆಫೀಸಿಗೆ ಹೋದ ಮೇಲೆ, ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ. ಸ್ವಲ್ಪ ದಿನದ ಹಿಂದೆ ಫ್ಯಾನಿನ ಗಾಳಿ ಸಿಗಲೆಂದು ಮಂಚವನ್ನು ಕಪಾಟಿನ ಹತ್ತಿರಕ್ಕೆ ಸರಿಸಿದ್ದೆವು. ಸರಿಸದಿದ್ದರೆ ಅಷ್ಟೂ ಭಾರ ಅಮ್ಮನ ಎದೆಯ ಮೇಲೆಯೇ ಬೀಳುತ್ತಿತ್ತು. ಅದು ಹೊಳೆದ ಕೂಡಲೇ ಆಟೋದ ಕಂಬಿ ಹಿಡಿದುಕೊಂಡೆ.

ಅಮ್ಮನ ಕೈಗೆ ಪ್ಲಾಸ್ಟರ್ ಹಾಕಿಸಿ ಬಂದು ಕಪಾಟನ್ನು ಪರೀಕ್ಷಿಸಿದೆ. ಎತ್ತರಕ್ಕೆ ತಕ್ಕ ಅಗಲವಿಲ್ಲ, ಹಿಂಬದಿಗೆ ತೆಳ್ಳನೆಯ ಹಲಗೆ. ಡ್ರಾಯರ್‌ಗಳು ತುಂಬಿ, ಎಲ್ಲವೂ ಮುಂದೆ ಬಂದರೆ ಭಾರವೆಲ್ಲ ಮುಂಗಾಲುಗಳನ್ನು ದಾಟಿ ಆಚೆಗೆ ಹೋಗುತ್ತದೆ. ಆಮೇಲೆ ಅದನ್ನು ಬೀಳಿಸಲು ಒಂದು ಕೈ ಸಾಕು.

ಆಫೀಸಿನಲ್ಲಿ ಎಲ್ಲವನ್ನೂ ಹೇಳಿ, ಹೊಸ ಕಪಾಟೊಂದನ್ನು ಮಾಡಲು ಒಪ್ಪಿಸಿದೆ. ಗಿಡ್ಡದ್ದು, ಬುಡ ಅಗಲ, ಒಂದು ಡ್ರಾಯರ್ ತೆರೆದರೆ ಉಳಿದವು ತೆರೆಯದಂತೆ ಒಳಗೊಂದು ಕೊಂಡಿ. ಮೊದಲ ಮಾದರಿಯ ಮೇಲಿನ ಡ್ರಾಯರ್ ಎಳೆದು ಮರಳಿನ ಚೀಲ ನೇತುಹಾಕಿದೆವು. ಅದು ಒಂದು ಗಳಿಗೆ ನಿಂತಿತು, ಮರುಗಳಿಗೆ ನಮ್ಮ ಕಾಲ ಬಳಿಯೇ ಧಡಾರನೆ ಬಿತ್ತು. ಎಲ್ಲರೂ ಹಿಂದಕ್ಕೆ ಹಾರಿದರು. ನನಗೆ ಮಾತ್ರ ಸೀರೆಯ ಅಂಚು ಕಂಡಂತಾಗಿ ಹೊರಗೆ ಹೋಗಿ ನೀರು ಕುಡಿದು ಬಂದೆ. ಆಮೇಲೆ ಮುಂಗಾಲುಗಳನ್ನು ಇನ್ನಷ್ಟು ಮುಂದಕ್ಕೆ ತಂದೆವು, ತಳಕ್ಕೆ ದಪ್ಪ ಹಲಗೆ ಹಾಕಿದೆವು, ಡ್ರಾಯರ್ ಪೂರ್ತಿ ಹೊರಗೆ ಬಾರದಂತೆ ತಡೆ ಇಟ್ಟೆವು. ಮುಂದಿನ ಸಲ ಅದು ಅಲ್ಲಾಡಲಿಲ್ಲ.

ಅಂಥದ್ದೊಂದನ್ನು ಮನೆಗೆ ತಂದೆ. ಮನೆ ಓನರ್ ಒಪ್ಪಿದ ಮೇಲೆ ಎದುರು ಮನೆಯವರು ಡ್ರಿಲ್ ತಂದು ಅದನ್ನು ಗೋಡೆಗೂ ಬಿಗಿದುಕೊಟ್ಟರು. ಡ್ರಾಯರ್ ಎಳೆದು ನನ್ನ ಭಾರವನ್ನೆಲ್ಲ ಹಾಕಿ ಅಮ್ಮನಿಗೆ ತೋರಿಸಿದೆ. ನೋಡಿದರು, ಚಂದ ಇದೆ ಎಂದರು.

ಆದರೆ ಅಮ್ಮ ಇವತ್ತಿಗೂ ಅದನ್ನು ಮುಟ್ಟುವುದಿಲ್ಲ. ಸೀರೆ ಬೇಕಾದರೆ ದೂರದಲ್ಲೇ ನಿಂತು, "ಅದೊಂದು ತೆಗೆದು ಕೊಡು ಮಗಾ" ಎನ್ನುತ್ತಾರೆ.