ಒಳ್ಳೆಯ ಕಣ್ಣಿನಲ್ಲಿ ಕಂಡ ಕಣಗಳು

೧೯೮೨ರಲ್ಲಿ ನಾನು ಪುಣೆಯ ಒಂದು ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಎರಡನೇ ವರ್ಷದ ರೆಸಿಡೆಂಟ್ ಆಗಿದ್ದೆ. ರೆಸಿಡೆಂಟ್ ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ, ಹೆಚ್ಚುಕಡಿಮೆ ವಾರ್ಡಿನಲ್ಲೇ ವಾಸವಿದ್ದು, ಒಂದು ವಿಷಯದಲ್ಲಿ ಪರಿಣತಿ ಪಡೆಯುವ ವೈದ್ಯ. ನಮ್ಮ ಮನೆಯವರು ಧಾರವಾಡದ ಕಡೆಯವರು. ಮನೆಯೊಳಗೆ ಕನ್ನಡ, ಹೊರಗೆ ಮರಾಠಿ. ನಮ್ಮ ಕಡೆಯ ರೋಗಿಗಳು ಬಂದರೆ ನರ್ಸ್‌ಗಳು ನನ್ನನ್ನೇ ಕರೆಯುತ್ತಿದ್ದರು. ಈರಪ್ಪನವರ ಕೇಸು ನನ್ನ ಪಾಲಿಗೆ ಬಂದದ್ದು ಹಾಗೆ.

ಈರಪ್ಪನವರು ಗೋಕಾಕ ತಾಲೂಕಿನವರು. ವಯಸ್ಸು ಮೂವತ್ತನಾಲ್ಕು. ಪುಣೆಯ ಖಡಕಿಯ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ಲೇಥ್ ಯಂತ್ರದ ಮೇಲೆ ಉಕ್ಕಿನ ಭಾಗಗಳನ್ನು ಅಳತೆಗೆ ತಕ್ಕಂತೆ ಕಡೆಯುವ ಕೆಲಸ. ಒಂದು ದಿನ ಸಿಕ್ಕಿಕೊಂಡ ಬೋಲ್ಟನ್ನು ಉಳಿಯಿಟ್ಟು ಬಡಿಯುವಾಗ, ಉಳಿಯ ತಲೆಯಿಂದ ಉಕ್ಕಿನ ಚೂರೊಂದು ಸಿಡಿದು ಎಡಗಣ್ಣನ್ನು ಸೀಳಿಕೊಂಡು ಹೋಯಿತು. ಅವರು ಬಂದಾಗ ಬಿಳಿಗುಡ್ಡೆಯ ಅಂಚಿನಲ್ಲಿ ಗಾಯವಿತ್ತು, ಗಾಯದಿಂದ ಕಣ್ಣಿನೊಳಗಿನ ಕಂದು ಪದರ ಸ್ವಲ್ಪ ಹೊರಗೆ ಬಂದಿತ್ತು. ಎಕ್ಸ್‌ರೇಯಲ್ಲಿ ಲೋಹ ಕಾಣಲಿಲ್ಲ. ನಮ್ಮ ಯೂನಿಟ್ಟಿನ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುತ್ತಿದ್ದ ಹಿರಿಯ ಸರ್ಜನ್, ಅಂದೇ ಹೊಲಿಗೆ ಹಾಕಿದರು. ವಾರದ ಮೇಲೆ ಪಟ್ಟಿ ಬಿಚ್ಚಿದಾಗ ಆ ಕಣ್ಣಿಗೆ ಮುಖದ ಮುಂದೆ ಕೈ ಆಡಿಸಿದರೆ ಅಷ್ಟು ಮಾತ್ರ ತಿಳಿಯುತ್ತಿತ್ತು.

ಇಂಥ ಗಾಯದಲ್ಲಿ ವೈದ್ಯರು ಹೆದರುವುದು ಗಾಯವಾದ ಕಣ್ಣಿಗಿಂತ ಗಾಯವಾಗದ ಕಣ್ಣಿನ ಬಗ್ಗೆ. ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳು ಪರದೆ ಇದೆ. ನಾವು ಕಾಣುವ ಚಿತ್ರ ಮೂಡುವುದು ಅದರ ಮೇಲೆ. ಅದರ ಬೆನ್ನಿಗೆ ರಕ್ತನಾಳಗಳು ತುಂಬಿದ ಕಪ್ಪು ಪದರ. ದೇಹವನ್ನು ಕಾಯುವ ಬಿಳಿ ರಕ್ತಕಣಗಳಿಗೆ ಈ ಒಳಭಾಗದ ಪರಿಚಯ ಅಷ್ಟಾಗಿ ಇರುವುದಿಲ್ಲ. ಗಾಯವಾಗಿ ಒಳಗಿನದು ಹೊರಬಿದ್ದಾಗ, ಅಪರೂಪಕ್ಕೆ, ಆ ಕಣಗಳು ಅದನ್ನು ಪರಕೀಯ ಎಂದು ಭಾವಿಸುತ್ತವೆ. ಹಾಗೆ ಒಮ್ಮೆ ಗುರುತು ಹಿಡಿದ ಮೇಲೆ ರಕ್ತದಲ್ಲಿ ಸಾಗಿ ಇನ್ನೊಂದು ಕಣ್ಣಿಗೂ ಹೋಗಿ, ಅಲ್ಲಿರುವ ಅದೇ ಪದರಗಳ ಮೇಲೆ ಬೀಳುತ್ತವೆ. ಇದಕ್ಕೆ ಸಿಂಪಥೆಟಿಕ್ ಆಫ್ತಾಲ್ಮಿಯಾ ಎಂದು ಹೆಸರು. ವಾರಗಳ ನಂತರ ಬರಬಹುದು, ವರ್ಷಗಳ ನಂತರವೂ ಬರಬಹುದು. ತಡೆಯಲು ಆಗ ನಮಗೆ ಗೊತ್ತಿದ್ದ ಖಚಿತ ದಾರಿ ಒಂದೇ: ಗಾಯವಾದ ಎರಡು ವಾರದೊಳಗೆ ಆ ಕಣ್ಣನ್ನು ತೆಗೆದುಬಿಡುವುದು. ಆದರೆ ದೃಷ್ಟಿಯ ಆಸೆ ಸ್ವಲ್ಪವಾದರೂ ಇರುವ ಕಣ್ಣನ್ನು ತೆಗೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಸರ್ ಎರಡೂ ಪಕ್ಷವನ್ನು ಬಿಡಿಸಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಈರಪ್ಪನವರು ಹೆಂಡತಿ ಗಂಗವ್ವನ ಮುಖ ನೋಡಿದರು.

"ಕೈ ಆಡ್ಸಿದ್ದು ಕಾಣತದ್ರಿ ಅಕ್ಕಾರ. ಇರ್ಲಿ ಬಿಡ್ರಿ," ಎಂದರು.

ಬಲಗಣ್ಣು ಕೆಂಪಾದರೆ, ನೋವಾದರೆ, ನೀರು ಸುರಿದರೆ ತಕ್ಷಣ ಬರಬೇಕೆಂದು ಎರಡೆರಡು ಸಲ ಹೇಳಿ ಮನೆಗೆ ಕಳಿಸಿದೆವು. ಅವರು ತಪ್ಪದೆ ತಪಾಸಣೆಗೆ ಬರುತ್ತಿದ್ದರು, ಗುರುವಾರವೇ. ಪುಣೆಯ ಕಾರ್ಖಾನೆಗಳಿಗೆ ವಾರದ ರಜೆ ಭಾನುವಾರವಲ್ಲ, ಗುರುವಾರ. ಕರೆಂಟ್ ಹಂಚಿಕೆಗಾಗಿ ಮಾಡಿದ ವ್ಯವಸ್ಥೆ. ಹೀಗಾಗಿ ನಮ್ಮ ಹೊರರೋಗಿ ವಿಭಾಗದಲ್ಲಿ ಗುರುವಾರ ಕಾಲಿಡಲು ಜಾಗವಿರುತ್ತಿರಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ಅಂಥದೇ ಒಂದು ಗುರುವಾರ. ಈರಪ್ಪನವರ ಬಲಗಣ್ಣು ಬೆಳ್ಳಗಿತ್ತು. ನೋವಿಲ್ಲ, ನೀರಿಲ್ಲ. ದೂರದ ಅಕ್ಷರಗಳಲ್ಲಿ ಕೊನೆಯ ಸಾಲೊಂದನ್ನು ಬಿಟ್ಟು ಎಲ್ಲವನ್ನೂ ಓದಿದರು. ಹತ್ತಿರದ ಅಕ್ಷರಗಳ ಹಲಗೆ ಕೈಗೆ ಕೊಟ್ಟಾಗ ಅಂಗಿಯ ಕಿಸೆಯಿಂದ ಒಂದು ಕನ್ನಡಕ ತೆಗೆದು ಹಾಕಿಕೊಂಡರು.

"ಇದೇನ್ರಿ?"

"ಚಾಳೀಸ್ರಿ. ಶಿವಾಜಿನಗರ ಬಸ್ ಸ್ಟ್ಯಾಂಡಿನ ಮುಂದ ಫುಟ್‌ಪಾತ್ ಮ್ಯಾಲ ತಗೊಂಡೆ. ವರ್ನಿಯರಿನ ಗೆರಿ ಕೂಡಿದಂಗ ಕಾಣಾಕ ಹತ್ತಿದ್ವು. ಮಂದಿ ನಗತಾರ್ರಿ, 'ಈರಪ್ಪ ಮುದುಕ ಆದ, ಇನ್ನ ಮಾವ ಅನಬೇಕು' ಅಂತ."

ವರ್ನಿಯರ್ ಎಂದರೆ ಕೂದಲಿನಷ್ಟು ಸಣ್ಣ ಗೆರೆಗಳಿರುವ ಅಳತೆಯ ಸಾಧನ. ಟರ್ನರನ ಕೆಲಸವೆಲ್ಲ ಅದರ ಮೇಲೆ. ಚಾಳೀಸು ಎಂದರೆ ನಲವತ್ತರ ಹೊತ್ತಿಗೆ ಎಲ್ಲರಿಗೂ ಬರುವ ಕನ್ನಡಕ. ಸಣ್ಣ ಗೆರೆ ನೋಡಿಯೇ ಹೊಟ್ಟೆ ಹೊರೆಯುವ ವರ್ಕ್‌ಶಾಪಿನ ಮಂದಿ ಅದನ್ನು ಕಾಯಿಲೆ ಎಂದು ಎಣಿಸುವುದಿಲ್ಲ. ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿ ನೋಡಿ, ಸರಿಹೋದ ನಂಬರನ್ನು ಫುಟ್‌ಪಾತಿನಲ್ಲಿ ಕೊಳ್ಳುತ್ತಾರೆ. ಈರಪ್ಪನವರೂ ಹಾಗೇ ಮಾಡಿದ್ದರು.

ಆದರೆ ಮೂವತ್ತನಾಲ್ಕಕ್ಕೆ, ಅದೂ ಇದ್ದಕ್ಕಿದ್ದಂತೆ, ಚಾಳೀಸು ಬರುವುದಿಲ್ಲ. ಹತ್ತಿರದ್ದನ್ನು ನೋಡುವಾಗ ಕಣ್ಣಿನೊಳಗಿನ ಒಂದು ಸಣ್ಣ ಸ್ನಾಯು ಬಿಗಿಯಬೇಕು. ಬಿಳಿ ಕಣಗಳು ಮೊದಲು ಬಂದು ಸೇರುವ ಜಾಗಗಳಲ್ಲಿ ಅದೂ ಒಂದು.

ಸ್ಲಿಟ್ ಲ್ಯಾಂಪಿನಲ್ಲಿ ನೋಡಬೇಕಿತ್ತು. ಅದು ಕಣ್ಣಿನೊಳಕ್ಕೆ ಬೆಳಕಿನ ಸಣ್ಣ ಸೀಳನ್ನು ಹಾಯಿಸುವ ಸೂಕ್ಷ್ಮದರ್ಶಕ. ಅಷ್ಟರಲ್ಲಿ ಕರೆಂಟ್ ಹೋಯಿತು. ಹೊರರೋಗಿ ವಿಭಾಗಕ್ಕೆ ಜನರೇಟರ್ ಇರಲಿಲ್ಲ. ಈರಪ್ಪನವರು ಎದ್ದರು, ಜೊತೆಗೆ ಬಂದಿದ್ದ ಗಂಗವ್ವನೂ.

"ಮುಂದಿನ ಗುರುವಾರ ಬರತೇನ್ರಿ. ಈಕಿಗೆ ಕಾಯಿಪಲ್ಯಾ ತರಾಕ ಮಂಡೈಗೆ ಹೋಗಬೇಕಂತ."

ನಾನು ಹೆಚ್ಚು ಮಾತಾಡುವವಳಲ್ಲ. ನನಗಿಂತ ಹಿರಿಯರನ್ನು ತಡೆದು ನಿಲ್ಲಿಸುವುದು ಅಭ್ಯಾಸವೂ ಇರಲಿಲ್ಲ. ಆದರೂ ಬಾಗಿಲಿಗೆ ಅಡ್ಡ ನಿಂತೆ. "ಕೂಡ್ರಿ ಈರಪ್ಪಾರ. ಕರೆಂಟ್ ಬರೂತನಕ ಹೋಗೂಹಂಗಿಲ್ಲ," ಎಂದೆ. ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ. ಗಂಗವ್ವ ಗಂಡನ ತೋಳು ಹಿಡಿದು ಬೆಂಚಿಗೆ ಕೂರಿಸಿದಳು. "ಸಂತಿ ಎಲ್ಲಿಗೂ ಓಡಿಹೋಗಾಂಗಿಲ್ಲ, ಸುಮ್ನ ಕೂಡ್ರಿ," ಎಂದಳು.

ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಬಂತು. ಆರೋಗ್ಯವಂತ ಕಣ್ಣಿನ ಮುಂಭಾಗದ ನೀರು ತಿಳಿಯಾಗಿರುತ್ತದೆ; ಅದರಲ್ಲಿ ಹಾಯುವ ಬೆಳಕು ಕಾಣುವುದೇ ಇಲ್ಲ. ಈರಪ್ಪನವರ ಬಲಗಣ್ಣಿನಲ್ಲಿ ಬೆಳಕಿನ ದಾರಿ ಮಸುಕಾಗಿ ಕಂಡಿತು. ಕಿಟಕಿಯ ಬಿಸಿಲುಕೋಲಿನಲ್ಲಿ ಧೂಳಿನ ಕಣಗಳು ಏಳುತ್ತ ಇಳಿಯುತ್ತ ಇರುತ್ತವಲ್ಲ, ಹಾಗೆ ಬಿಳಿ ಕಣಗಳು ತೇಲುತ್ತಿದ್ದವು. ನಾನು ಓದಿದ್ದ ಪಾಠವೆಲ್ಲ ಅಲ್ಲಿ ಜೀವಂತವಾಗಿ ಚಲಿಸುತ್ತಿತ್ತು. ಸರ್‌ಗೆ ಹೇಳಿಕಳಿಸಿದೆ.

ಸರ್ ಬಂದು ನೋಡಿದರು. ಬಹಳ ಹೊತ್ತು ಸ್ಲಿಟ್ ಲ್ಯಾಂಪಿನಿಂದ ಮುಖ ಸರಿಸಲಿಲ್ಲ. ನಂತರ ಪಾಪೆ ಹಿಗ್ಗಿಸಿ ರೆಟಿನಾ ನೋಡಿದರು. ಅದರ ಕೆಳಗೆ ಅಲ್ಲಲ್ಲಿ ನೀರು ಕಟ್ಟಲು ಶುರುವಾಗಿತ್ತು. "ಇವತ್ತೇ ಅಡ್ಮಿಟ್ ಮಾಡು," ಎಂದಷ್ಟೇ ಹೇಳಿದರು.

ನಾನು ವಿಷಯ ತಿಳಿಸಿದಾಗ ಈರಪ್ಪನವರು ಎಡಗಣ್ಣಿನ ಕಡೆ ಬೆರಳು ತೋರಿಸಿದರು.

"ಇದನ್ನ ತೆಗದ್ರ ಅದು ಉಳಿತದೇನ್ರಿ? ಉಳಿಯೂದಿದ್ರ ಈಗಽ ತೆಗೀರಿ. ಇದರ ಸಲುವಾಗಿ ಎರಡೂ ಹೋಗೂದು ಬ್ಯಾಡ."

ಇದನ್ನೇ ನಾನು ಸರ್‌ಗೆ ಮರಾಠಿಯಲ್ಲಿ ಹೇಳಿದೆ. ಯೂನಿಟ್ಟಿನ ಇನ್ನೊಬ್ಬ ವೈದ್ಯರು ತೆಗೆಯುವುದೇ ಸರಿ ಎಂದರು. ಆ ಕಾಲಕ್ಕೆ ಅದು ತಪ್ಪು ಅಭಿಪ್ರಾಯವೇನೂ ಅಲ್ಲ. ಸರ್ ತಲೆ ಅಲ್ಲಾಡಿಸಿದರು. "ಕಣಗಳು ಆಗಲೇ ಆ ಕಡೆ ಹೋಗಿಬಿಟ್ಟಿವೆ. ಈಗ ಇದನ್ನು ತೆಗೆದರೆ ಲಾಭ ಎಷ್ಟೋ ಗೊತ್ತಿಲ್ಲ. ಕೊನೆಗೆ ಯಾವ ಕಣ್ಣು ಉಳಿಯುತ್ತದೋ ಅದೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದಾಗ ಕಣ್ಣು ತೆಗೆಯುವುದಿಲ್ಲ," ಎಂದರು.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದೆವು. ಅದು ಬಿಳಿ ಕಣಗಳ ಆರ್ಭಟವನ್ನು ತಗ್ಗಿಸುವ ಔಷಧ. ಜೊತೆಗೆ ಕಣ್ಣಿನ ಪಕ್ಕದಲ್ಲಿ ಇಂಜೆಕ್ಷನ್, ಪಾಪೆಯನ್ನು ಹಿಗ್ಗಿಸಿಡುವ ಹನಿಗಳು. ಮೊದಲ ಕೆಲವು ದಿನ ಏನೂ ಹಿಡಿತಕ್ಕೆ ಬರಲಿಲ್ಲ. ಬಲಗಣ್ಣಿನ ದೃಷ್ಟಿ ೬/೩೬ಕ್ಕೆ ಇಳಿಯಿತು. ಎಂದರೆ ಸರಿಯಾದ ಕಣ್ಣು ಮೂವತ್ತಾರು ಮೀಟರ್ ದೂರದಿಂದ ಕಾಣುವ ಅಕ್ಷರ ಇವರಿಗೆ ಆರು ಮೀಟರಿಗೆ ಬಂದರಷ್ಟೇ ಕಾಣುತ್ತಿತ್ತು. ಗಂಗವ್ವ ಊಟ ಬಡಿಸಿ, ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ಕೈಹಿಡಿದು ತೋರಿಸುವುದನ್ನು ನಾನು ನೋಡಿದೆ. ನೋಡದವಳಂತೆ ಮುಂದಿನ ಹಾಸಿಗೆಗೆ ಹೋದೆ.

ಎರಡನೇ ವಾರದಲ್ಲಿ ಬೆಳಕಿನ ಸೀಳಿನಲ್ಲಿ ಕಣಗಳು ಕಡಿಮೆ ಕಂಡವು. ನನ್ನ ಆಸೆಯೇ ಹಾಗೆ ಕಾಣಿಸುತ್ತಿದೆಯೋ ಎಂಬ ಅನುಮಾನದಿಂದ ಸರ್ ಅವರನ್ನು ಕರೆದೆ. "ಹೌದು, ಕಡಿಮೆಯಾಗಿವೆ," ಎಂದರು. ರೆಟಿನಾದ ಕೆಳಗಿನ ನೀರು ನಿಧಾನವಾಗಿ ಇಂಗಿಹೋಯಿತು. ೬/೩೬ ಇದ್ದದ್ದು ೬/೧೮ ಆಯಿತು, ಬಿಡುಗಡೆಯ ಹೊತ್ತಿಗೆ ೬/೯.

ಸ್ಟೀರಾಯ್ಡಿನಿಂದ ಮುಖ ಊದಿಕೊಳ್ಳುತ್ತದೆ, ವಿಪರೀತ ಹಸಿವಾಗುತ್ತದೆ. "ಎಷ್ಟ್ ರೊಟ್ಟಿ ತಟ್ಟಿದ್ರೂ ಸಾಲವಲ್ವು. ಎಮ್ಮಿ ಕಟ್ಟಿದ್ರ ಹಾಲರೆ ಕೊಡತಿತ್ತು," ಎಂದು ಗಂಗವ್ವ ವಾರ್ಡಿನಲ್ಲೆಲ್ಲ ಕೇಳುವಂತೆ ಹೇಳಿದಳು. ಈರಪ್ಪನವರು ಊದಿದ ಮುಖದಲ್ಲೇ ನಕ್ಕರು. ವರ್ಕ್‌ಶಾಪಿನಿಂದ ನೋಡಲು ಬಂದವರು, ಈ ಗುಳಿಗೆ ಉಷ್ಣ, ಬಿಟ್ಟುಬಿಡು ಎಂದು ಬುದ್ಧಿ ಹೇಳಿದ್ದರಂತೆ. ಈ ಮಾತ್ರೆಯನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು; ಒಮ್ಮೆಲೆ ಬಿಟ್ಟರೆ ಕಣಗಳು ಮರಳುತ್ತವೆ, ದೇಹಕ್ಕೂ ಅಪಾಯ. ಅದನ್ನು ವಿವರಿಸಲು ನಾನು ಮಾತು ಹುಡುಕುತ್ತಿರುವಾಗಲೇ ಗಂಗವ್ವ ಹೇಳಿದಳು: "ಗುಳಿಗಿ ನನ್ನ ಕೈಯಾಗ ಅದಾವ್ರಿ ಅಕ್ಕಾರ. ಅವರ ಕೈಯಾಗಲ್ಲ."

ಈರಪ್ಪನವರು ಕೆಲಸಕ್ಕೆ ಮರಳಿದರು, ಈ ಸಲ ರಕ್ಷಣೆಯ ಕನ್ನಡಕ ಹಾಕಿಕೊಂಡು. ಒಂದೂವರೆ ವರ್ಷ ಬಲಗಣ್ಣು ಶಾಂತವಾಗಿಯೇ ಇತ್ತು. ಅಷ್ಟರಲ್ಲಿ ಎಡಗಣ್ಣಿನೊಳಗೆ ಗಾಯದಿಂದ ಕಟ್ಟಿದ್ದ ರಕ್ತ ಕರಗಿತ್ತು, ಆದರೆ ಪೊರೆ ಬೆಳೆದಿತ್ತು. ಅದಕ್ಕೆ ಚಾಕು ತಾಗಿಸುವುದೆಂದರೆ ಮಲಗಿದ ಕಣಗಳನ್ನು ಎಬ್ಬಿಸಿದ ಹಾಗಾಗಬಹುದಿತ್ತು. ಸರ್ ಕಾದರು, ಮತ್ತೆ ಸ್ಟೀರಾಯ್ಡಿನ ಕಾವಲಿಟ್ಟು ಪೊರೆ ತೆಗೆದರು. ದಪ್ಪ ಗಾಜು ಹಿಡಿದು ನೋಡಿದಾಗ, ತೆಗೆದುಬಿಡಿ ಎಂದು ಅವರೇ ಕೇಳಿಕೊಂಡಿದ್ದ ಆ ಕಣ್ಣು ೬/೨೪ರ ಸಾಲನ್ನು ಓದಿತು. ಈರಪ್ಪನವರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಸುತ್ತ ನೋಡಿದರು. ಕಿಟಕಿ, ಬಾಗಿಲು, ಹೆಂಡತಿ.

"ಈಕಿ ಸೀರಿ ಹಸರು ಐತ್ರಿ," ಎಂದರು.

"ಸೀರಿ ನೋಡಿದ್ದು ಸಾಕು," ಎಂದಳು ಗಂಗವ್ವ, ಕಣ್ಣೊರೆಸಿಕೊಳ್ಳುತ್ತ. "ಇನ್ನರೆ ಬದನಿಕಾಯಿ ನೋಡಿ ತರ್ರಿ. ಹುಳುಕ ತಂದು ಕಣ್ಣಿನ ಮ್ಯಾಲ ಹಾಕಬ್ಯಾಡ್ರಿ."

ಅಂದಿನಿಂದ ಬಿಳಿ ಕಣಗಳನ್ನು ನಾನು ಶತ್ರು ಎಂದು ಎಣಿಸಿಲ್ಲ. ಅವು ಕಾಯಲು ಬಂದವು. ಯಾರನ್ನು ಕಾಯಬೇಕೆಂಬುದನ್ನು ತಪ್ಪಾಗಿ ತಿಳಿದಿರುತ್ತವೆ, ಅಷ್ಟೆ. ಅವನ್ನು ತಡೆಯಲು ಸಮಯ ಸಿಗಬೇಕಾದರೆ ಬೇಗ ಗುರುತಿಸಬೇಕು. ಈಗ ಕಣ್ಣಿಗೆ ಗಾಯವಾದವರು ಬಂದರೆ, ನೋವಿದೆಯೇ ಎಂದು ಕೇಳಿ ಸುಮ್ಮನಾಗುವುದಿಲ್ಲ. ಅವರ ಕೆಲಸ ಏನೆಂದು ಕೇಳುತ್ತೇನೆ. ಹೊಲಿಯುವವರಿಗೆ ಸೂಜಿ ದಾರ ಕೊಡುತ್ತೇನೆ, ಗುಮಾಸ್ತರಿಗೆ ಸಣ್ಣ ಅಕ್ಷರದ ಕಾಗದ. ಗಾಯವಾಗದ ಕಣ್ಣು ಸ್ವಲ್ಪ ತಡವರಿಸಿದರೂ ದೀಪದ ಮುಂದೆ ಕೂರಿಸಿ ನೋಡುತ್ತೇನೆ. ಬಹುತೇಕ ಸಲ ಅಲ್ಲಿ ಏನೂ ಇರುವುದಿಲ್ಲ. ನೀರು ತಿಳಿಯಾಗಿರುತ್ತದೆ, ಬೆಳಕು ಅದರೊಳಗೆ ಕಾಣದಂತೆ ಹಾದುಹೋಗುತ್ತದೆ. ಹೊರಗೆ ಸಾಲು ಉದ್ದವಿದ್ದರೂ, ಒಂದು ಕ್ಷಣ ಹೆಚ್ಚೇ ಅದನ್ನು ನೋಡುತ್ತ ಕೂರುತ್ತೇನೆ.