ಬನ್ನಿಗಿಡದ ದ್ರೌಪತಿ

ನಮ್ಮ ದೊಡ್ಡವ್ವ ಸಖುಬಾಯಿ ಗಂಡನ ಎದುರು ಬಾಯಿ ಬಿಟ್ಟವಳಲ್ಲ. ಹೇಳುವುದನ್ನೆಲ್ಲ ಹೊಲದ ಬನ್ನಿಗಿಡದ ಕೆಳಗಿದ್ದ ಒಂದು ಕಲ್ಲಿಗೆ ಹೇಳುತ್ತಿದ್ದಳು. ಒಂದಲ್ಲ ಎರಡಲ್ಲ, ಐವತ್ತೈದು ವರ್ಷ! ಆ ದೂರಿನಲ್ಲಿ ನನ್ನ ಹೆಸರೂ ಬರುತ್ತಿತ್ತು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮದು ಕುರಿ ಕಾಯುವ ಮನೆತನ, ಕೊಡಂಬಲದ ಹತ್ತಿರ ನಾಲ್ಕೆಕರೆ ಹೊಲ. ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಹಾಕಿ, ಐದು ಕಲ್ಲಿಟ್ಟು ಪಾಂಡವರೆಂದು ಸುಣ್ಣ ಬಳಿದು, ಕಾಳು-ಕಾಯಿಪಲ್ಲೆ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಯ ಎಡೆ ಇಡುತ್ತಾರೆ. ನಮ್ಮ ಹೊಲದಲ್ಲಿ ಮಾತ್ರ ದೂರದಲ್ಲಿ, ಆ ಬನ್ನಿಗಿಡದ ಕೆಳಗೆ, ಆರನೆಯದೊಂದು ಕಲ್ಲು. ಅದನ್ನು ನೆಟ್ಟವನು ದೊಡ್ಡವ್ವನ ಮಾವ ಸಿದ್ದಪ್ಪ. ಮೊದಲ ಎಡೆ ಅದಕ್ಕೇ. ಯಾರದೆಂದು ಕೇಳಿದರೆ ಮುದುಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಕಡೆಗೆ ಅವನ ಹೆಂಡತಿ ಯಶೋದಾಬಾಯಿಯೇ ತೀರ್ಪು ಕೊಟ್ಟಳು: ಐದು ಮಂದಿ ಗಂಡಸರಿಂದ ದೂರ ಕೂತವಳು ದ್ರೌಪತಿಯೇ ಇರಬೇಕು. ಅಂದಿನಿಂದ ಕಲ್ಲಿಗೆ ಅರಿಶಿನ, ಹಸಿರು ಬಳೆ, ವರ್ಷಕ್ಕೊಂದು ಕುಪ್ಪಸದ ಖಣ.

ಹೋದ ವರ್ಷ ಎಳ್ಳಮಾವಾಸ್ಯೆಯ ದಿನ ಬಸವಕಲ್ಯಾಣದ ನಿವೃತ್ತ ಮೇಷ್ಟ್ರು ಜಲಾಲುದ್ದೀನ್ ನಮ್ಮ ಹೊಲಕ್ಕೆ ಬಂದರು. ಹಳೆಯ ಕಾಗದ ಕೆದಕುವ ಚಟ ಅವರಿಗೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಹೊಲದ ಆಚೆ ಬಾಂಬು ಹಾಕುವ ವಿಮಾನ ಬಿದ್ದಿತ್ತಂತೆ. ಒಳಗಿದ್ದವರು ಆರು ಮಂದಿ. ಸೈನಿಕರು ಐವರ ಹೆಣ ಒಯ್ದರು, ಆರನೆಯವನು ಸಿಗಲೇ ಇಲ್ಲ. ಇಂಗ್ಲೆಂಡಿನಲ್ಲಿರುವ ಅವನ ತಂಗಿ, ತೊಂಬತ್ತೆರಡರ ಮುದುಕಿ, ಇನ್ನೂ ಕಾಗದ ಬರೆದು ಕೇಳುತ್ತಾಳೆ. ಮೇಷ್ಟ್ರ ಕಣ್ಣು ಬನ್ನಿಗಿಡದ ಕಡೆ ಹೋಯಿತು.

"ಈ ಕಲ್ಲು ಯಾಕ ದೂರ ಅದ?"

ದೊಡ್ಡವ್ವ ಓಡಿ ಹೋಗಿ ಕಲ್ಲು ತಬ್ಬಿಕೊಂಡಳು. "ಮುಟ್ಟಬ್ಯಾಡ್ರಿ ಸಾಬ್ರ! ನನ್ನ ದ್ರೌಪತಿನ ಎಬ್ಬಿಸಿದ್ರ ನಾ ಯಾರ ಮುಂದ ಹೇಳ್ಕೊಳ್ಳಲಿ?"

"ಆ ಮುದುಕಿ ಎಂಬತ್ತು ವರ್ಷದಿಂದ ಕಾಯಾಕತ್ತಾಳವ್ವಾ. ಆಕಿಗಿ ಹೇಳ್ಕೊಳ್ಳಾಕ ಒಂದು ಕಲ್ಲೂ ಇಲ್ಲ."

ದೊಡ್ಡವ್ವ ತಬ್ಬಿದ ಕೈ ಬಿಟ್ಟಳು. ಆಮೇಲೆ ಯಾರನ್ನೂ ಮುಟ್ಟಗೊಡದೆ ಕಲ್ಲಿನ ಬಳೆ ತೆಗೆದು, ತಾನೇ ಅದನ್ನು ಸರಿಸಿದಳು.

ಅಧಿಕಾರಿಗಳು ಬಂದು ಅಗೆಸಿದರು. ಎಲುಬು ಸಿಕ್ಕವು, ಜೊತೆಗೆ ಹೆಸರು ಕೊರೆದ ಹಿತ್ತಾಳೆಯ ಸಿಗರೇಟು ಡಬ್ಬಿ. ಕುರಿ ಮೇಯಿಸುವಾಗ ಸಿದ್ದಪ್ಪನಿಗೆ ಹೆಣ ಕಂಡಿರಬೇಕು. ನಿಜಾಮನ ಪೊಲೀಸರ ಕಾಟಕ್ಕೆ ಅಂಜಿ, ಹೂತು, ಬಾಯಿ ಮುಚ್ಚಿಕೊಂಡಿರಬೇಕು.

ದೊಡ್ಡವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. "ಅಯ್ಯಯ್ಯ, ಇವ ಗಂಡಸೇನ್ರಿ! ಹೆಂಗಸರು ಹೆಂಗಸರಿಗೆ ಹೇಳೋ ಮಾತೆಲ್ಲಾ ಹೇಳೀನಲ್ರಿ!"

"ಗಾಬ್ರಿ ಆಗಬ್ಯಾಡವ್ವಾ, ಅವಂಗ ಕನ್ನಡ ಬರ್ತಿದ್ದಿಲ್ಲ."

"ಎಂಬತ್ತು ವರ್ಷ ಇಲ್ಲೇ ಬಿದ್ದಾನ, ಕಲ್ತಿರಾಂಗಿಲ್ಲೇನ್ರಿ?"

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಮಾತ್ರ, "ವಯಸ್ಸೆಷ್ಟಿತ್ರಿ ಅವಂಗ?" ಎಂದಳು. ಇಪ್ಪತ್ತೊಂದು ಎಂದರು ಮೇಷ್ಟ್ರು. ಆಮೇಲೆ ಯಾರೂ ನಗಲಿಲ್ಲ.

ಎಲುಬನ್ನು ಸೈನಿಕರ ಸ್ಮಶಾನಕ್ಕೆ ಒಯ್ದರು. ಈಗ ದೊಡ್ಡವ್ವ ಹೇಳುವುದನ್ನೆಲ್ಲ ದೊಡ್ಡಪ್ಪ ಗೋವರ್ಧನನೇ ಕೇಳಬೇಕು. ಐವತ್ತೈದು ವರ್ಷದ ಬಾಕಿ, ಪಾಪ, ಮುದುಕ ಸೊರಗಿದ್ದಾನೆ.

ಹುಮನಾಬಾದಿನ ಅಂಚೆ ಕಚೇರಿಯಲ್ಲಿ ಆ ಡಬ್ಬಿಯನ್ನು ತಂಗಿಗೆ ಕಳಿಸಲು ಮೇಷ್ಟ್ರು ಕಟ್ಟುತ್ತಿದ್ದರು. ದೊಡ್ಡವ್ವ ಅದನ್ನು ಕಸಿದುಕೊಂಡು, ಆ ವರ್ಷದ ಹಸಿರು ಖಣದಲ್ಲಿ ಸುತ್ತಿದಳು.

"ಇದ್ಯಾಕವ್ವಾ?"

"ಅಣ್ಣ ಇಷ್ಟು ವರ್ಷಕ್ಕ ತಂಗಿ ಮನಿಗಿ ಹೊಂಟಾನ. ಬರೇ ಕೈಲೆ ಹ್ಯಾಂಗ ಹೋಗ್ತಾನ್ರಿ?"